ಎಲ್ಲವೂ ಗ್ರೀಕರಿಂದಲೇ ಬಂತೇ? ಇತಿಹಾಸ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಬಿ.ಎ. ಇತಿಹಾಸ ಓದುತ್ತಿದ್ದೇನೆ. ಪ್ರಜಾಪ್ರಭುತ್ವ, ತತ್ವಶಾಸ್ತ್ರ, ರೇಖಾಗಣಿತ, ವೈದ್ಯಶಾಸ್ತ್ರ, ನಾಟಕ, ಇತಿಹಾಸ ಬರವಣಿಗೆ ಎಲ್ಲವೂ ಪಾಶ್ಚಾತ್ಯ ನಾಗರಿಕತೆಗೆ ಪ್ರಾಚೀನ ಗ್ರೀಕರ ಕೊಡುಗೆ ಎಂದು ನಮ್ಮ ನೋಟ್ಸ್‌ನಲ್ಲಿದೆ. ಇವೆಲ್ಲ ಈಜಿಪ್ಟ್, ಬ್ಯಾಬಿಲೋನಿಯ, ಭಾರತಗಳಿಂದ ಕದ್ದದ್ದು, ಗ್ರೀಕರದ್ದು ಅಂತ ಏನೂ ಇಲ್ಲ ಎನ್ನುವವರೂ ಇದ್ದಾರೆ. ಯಾರನ್ನು ನಂಬಬೇಕು? ಗುಲಾಮರನ್ನಿಟ್ಟುಕೊಂಡು, ಹೆಂಗಸರನ್ನು ಹೊರಗಿಟ್ಟ ಊರನ್ನು ಪ್ರಜಾಪ್ರಭುತ್ವದ ತವರು ಅನ್ನುವುದು ಸರಿಯೇ? ಹಳೆಯ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡ ಮಾತುಗಳಿವೆ ಎನ್ನುತ್ತಾರೆ, ಅದು ನಿಜವೇ?

ಉತ್ತರ: ನಿಮ್ಮ ನೋಟ್ಸ್‌ನ ಪಟ್ಟಿಯಲ್ಲಿರುವ ಹಲವು ವಿದ್ಯೆಗಳ ಬೇರು ಗ್ರೀಕರಿಗಿಂತ ಹಳೆಯದು. ಇದನ್ನು ಮೊದಲು ಒಪ್ಪಿಕೊಂಡು ಮುಂದೆ ಹೋಗೋಣ. ಗ್ರೀಕರು ಅಕ್ಷರ ಕಲಿತದ್ದು ಇಂದಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರಿಂದ, ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ. ಆ ಲಿಪಿಯಲ್ಲಿ ವ್ಯಂಜನಗಳಷ್ಟೇ ಇದ್ದವು. ತಮ್ಮ ಭಾಷೆಗೆ ಬೇಡವಾದ ಕೆಲವು ವ್ಯಂಜನಗಳ ಗುರುತುಗಳನ್ನು ಗ್ರೀಕರು ಸ್ವರಗಳಿಗೆ ಬಳಸಿಕೊಂಡರು. ಇಂದಿನ ರೋಮನ್ ಲಿಪಿ, ರಷ್ಯನ್ ಲಿಪಿ ಎರಡೂ ಅಲ್ಲಿಂದ ಬಂದವು. ಪೈಥಾಗೊರಸನ ಹೆಸರಿನಲ್ಲಿ ನಾವು ಶಾಲೆಯಲ್ಲಿ ಕಲಿಯುವ ಲಂಬಕೋನ ತ್ರಿಭುಜದ ಸಂಬಂಧ ಅವನಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ಬಳಕೆಯಾಗಿತ್ತು. ನಮ್ಮ ಶುಲ್ಬಸೂತ್ರಗಳಲ್ಲೂ ಯಜ್ಞವೇದಿಕೆಯ ಅಳತೆಗೆ ಅದೇ ನಿಯಮವನ್ನು ಸ್ಪಷ್ಟವಾಗಿ ಹೇಳಿದೆ. ಗ್ರೀಕರ ಆರಂಭದ ಕಲ್ಲಿನ ಪ್ರತಿಮೆಗಳಲ್ಲಿ ಒಂದು ಕಾಲು ಮುಂದಿಟ್ಟು ನೆಟ್ಟಗೆ ನಿಂತ ಯುವಕನ ಭಂಗಿ ಈಜಿಪ್ಟಿನದು.

ಆದರೆ 'ಕದ್ದರು' ಎನ್ನುವ ಮಾತು ನಿಲ್ಲುವುದಿಲ್ಲ, ಯಾಕೆಂದರೆ ಇದನ್ನೆಲ್ಲ ಹೇಳಿದವರು ಗ್ರೀಕರೇ. ಅಕ್ಷರಗಳನ್ನು ಫಿನೀಷಿಯನ್ನರು ತಂದರು, ರೇಖಾಗಣಿತ ಈಜಿಪ್ಟಿನಲ್ಲಿ ಹೊಲ ಅಳೆಯುವುದರಿಂದ ಹುಟ್ಟಿತು, ನೆರಳು ನೋಡಿ ಹೊತ್ತು ತಿಳಿಯುವ ಸಾಧನ ಬ್ಯಾಬಿಲೋನಿಯನ್ನರದು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 5ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಸಾಲ ತಂದದ್ದನ್ನು ಲೆಕ್ಕದಲ್ಲಿ ಬರೆದಿಟ್ಟವನನ್ನು ಯಾರೂ ಕಳ್ಳನೆನ್ನುವುದಿಲ್ಲ.

ಹಾಗಾದರೆ ಅವರದ್ದೇ ಆದದ್ದು ಯಾವುದು? ನನ್ನ ಉತ್ತರ: ಒಂದು ಪದ್ಧತಿ. ಹೇಳಿದ ಮಾತಿಗೆ ಕಾರಣ ಕೊಡಬೇಕು, ಆ ಕಾರಣವನ್ನು ಎಲ್ಲರೆದುರು ಇಡಬೇಕು, ಕೇಳಿದವನಿಗೆ 'ಒಪ್ಪುವುದಿಲ್ಲ' ಎನ್ನುವ ಹಕ್ಕಿರಬೇಕು, ಆ ವಿರೋಧವನ್ನೂ ಬರೆದಿಡಬೇಕು. ಭಾರತದಲ್ಲಿ ಪೂರ್ವಪಕ್ಷವನ್ನು ಮಂಡಿಸಿ ಸಿದ್ಧಾಂತಕ್ಕೆ ಬರುವ ಶಾಸ್ತ್ರ ಪರಂಪರೆ ಇತ್ತು, ಚೀನಾದಲ್ಲೂ ಪಂಥಗಳು ವಾದಿಸಿದವು. ವಾದ ಗ್ರೀಕರ ಸ್ವತ್ತಲ್ಲ. ಆದರೆ ಗಣಿತ, ವೈದ್ಯ, ರಾಜಕೀಯ, ನ್ಯಾಯಾಲಯ, ರಂಗಭೂಮಿ ಎಲ್ಲ ಕಡೆಯೂ ಒಂದೇ ಕಾಲದಲ್ಲಿ, ಒಂದೇ ಜನರ ನಡುವೆ ಈ ಪದ್ಧತಿ ನಡೆದು, ಅದರ ಬರಹ ಉಳಿದು, ಯುರೋಪಿನ ಕೈ ಸೇರಿದ್ದು ಗ್ರೀಕರಿಂದ. ನೀವು ಕೇಳಿದ್ದು ಪಾಶ್ಚಾತ್ಯ ನಾಗರಿಕತೆಯ ಬಗ್ಗೆ. ಅದಕ್ಕೆ ಸಿಕ್ಕ ದೊಡ್ಡ ಆಸ್ತಿ ಇದು.

ಆರಂಭವನ್ನು ಸಾಮಾನ್ಯವಾಗಿ ಮಿಲೆಟಸ್ ಎಂಬ ಬಂದರಿನಲ್ಲಿ ಗುರುತಿಸುತ್ತಾರೆ. ಅದು ಇಂದಿನ ಟರ್ಕಿಯಲ್ಲಿದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಅಲ್ಲಿನ ಥೇಲ್ಸ್, ಎಲ್ಲದರ ಮೂಲ ನೀರು ಎಂದ. ಅವನ ಶಿಷ್ಯನೆಂದು ಹೇಳುವ ಅನಾಕ್ಸಿಮಾಂಡರ್, ನೀರಲ್ಲ, ಯಾವ ಗುಣವೂ ಅಂಟದ ಮಿತಿಯಿಲ್ಲದ ಒಂದು ದ್ರವ್ಯ ಎಂದ. ಮೂರನೆಯವನಾದ ಅನಾಕ್ಸಿಮಿನೀಸ್, ಗಾಳಿ ಎಂದ. ಇಂದಿನ ವಿಜ್ಞಾನದ ಕಣ್ಣಲ್ಲಿ ಮೂರೂ ಉತ್ತರ ತಪ್ಪು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಮೂವರೂ ದೇವರ ಕಥೆ ಹೇಳದೆ ಕಾರಣ ಹುಡುಕಿದರು. ಶಿಷ್ಯ ಗುರುವಿನ ಮಾತನ್ನು ತಳ್ಳಿಹಾಕಿದ, ಆದರೂ ಗುರುವಿನ ಹೆಸರು ಗೌರವದಿಂದಲೇ ಉಳಿಯಿತು. 2 ಶತಮಾನಗಳ ನಂತರ ಅರಿಸ್ಟಾಟಲ್, ತನ್ನ ಗುರು ಪ್ಲೇಟೊನ ಮುಖ್ಯ ಸಿದ್ಧಾಂತವನ್ನು ಖಂಡಿಸುವ ಮುನ್ನ, ಗೆಳೆಯರೂ ಸತ್ಯವೂ ಎರಡೂ ಪ್ರಿಯವೇ, ಆದರೆ ಸತ್ಯಕ್ಕೆ ಮೊದಲ ಗೌರವ ಸಲ್ಲಬೇಕು ಎಂಬರ್ಥದ ಮಾತು ಬರೆದ.

ಈ ಪದ್ಧತಿ ಕೈಗೆ ಸಿಗುವಷ್ಟು ಸ್ಪಷ್ಟವಾಗಿ ಕಾಣುವುದು ಯೂಕ್ಲಿಡ್‌ನಲ್ಲಿ. ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಅವನು ಜೋಡಿಸಿದ 13 ಭಾಗಗಳ ಗ್ರಂಥದ ಬಹಳಷ್ಟು ಪ್ರಮೇಯಗಳು ಅವನಿಗಿಂತ ಹಿಂದಿನವರವು. ಒಂದು ಉದಾಹರಣೆಯನ್ನು ನೀವೇ ಕಾಗದದ ಮೇಲೆ ಮಾಡಿ ನೋಡಿ. 9ನೇ ಭಾಗದ 20ನೇ ಪ್ರಮೇಯ ಹೇಳುವುದು ಇಷ್ಟು: ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯಿಲ್ಲ. ಎಣಿಸಿ ಮುಗಿಸಿ ಇದನ್ನು ತೋರಿಸಲಾಗದು, ಎಣಿಕೆ ಮುಗಿಯುವುದೇ ಇಲ್ಲವಲ್ಲ. ಹಾಗಾಗಿ ಎದುರಾಳಿಯ ಮಾತನ್ನೇ ಕೈಗೆತ್ತಿಕೊಳ್ಳುವುದು. 2, 3, 5, 7, 11, 13, ಇವಿಷ್ಟೇ ಅವಿಭಾಜ್ಯ ಸಂಖ್ಯೆಗಳು, ಮುಂದೆ ಇಲ್ಲ ಎಂದು ಒಬ್ಬ ಹಟ ಹಿಡಿದ ಎನ್ನಿ. ಸರಿ, ಆರನ್ನೂ ಗುಣಿಸಿ: 30,030. ಒಂದು ಕೂಡಿಸಿ: 30,031. ಇದನ್ನು ಆ ಪಟ್ಟಿಯ ಯಾವ ಸಂಖ್ಯೆಯಿಂದ ಭಾಗಿಸಿದರೂ 1 ಉಳಿಯುತ್ತದೆ. ಅಂದರೆ ಒಂದೋ ಇದೇ ಹೊಸ ಅವಿಭಾಜ್ಯ ಸಂಖ್ಯೆ, ಇಲ್ಲವೇ ಪಟ್ಟಿಯಲ್ಲಿಲ್ಲದ ಅವಿಭಾಜ್ಯ ಸಂಖ್ಯೆಯೊಂದು ಇದನ್ನು ಭಾಗಿಸಬೇಕು. ಮಾಡಿ ನೋಡಿದರೆ 59ನ್ನು 509ರಿಂದ ಗುಣಿಸಿದಾಗ 30,031 ಬರುತ್ತದೆ. ಎರಡೂ ಅವಿಭಾಜ್ಯ, ಎರಡೂ ಅವನ ಪಟ್ಟಿಯಲ್ಲಿಲ್ಲ. ಅವನು ಎಷ್ಟು ಉದ್ದದ ಪಟ್ಟಿ ತಂದರೂ ಇದೇ ಗತಿ.

ಇಲ್ಲಿ ರಾಜನ ಅಪ್ಪಣೆಯಿಲ್ಲ, ಗುರುವಿನ ಅಧಿಕಾರವಿಲ್ಲ, ಶ್ರುತಿಪ್ರಮಾಣವೂ ಇಲ್ಲ. ಹಂತ ಹಂತವಾಗಿ ಹಿಂಬಾಲಿಸಿದ ಯಾರೇ ಆದರೂ ಒಪ್ಪಲೇಬೇಕು. ಬ್ಯಾಬಿಲೋನಿಯದ ಲೆಕ್ಕಿಗರು 2ರ ವರ್ಗಮೂಲವನ್ನು ಬೆರಗಾಗುವಷ್ಟು ನಿಖರವಾಗಿ ಕಂಡುಕೊಂಡಿದ್ದರು. ಆ ಸಂಖ್ಯೆಯನ್ನು ಯಾವ ಭಿನ್ನರಾಶಿಯಿಂದಲೂ ಪೂರ್ತಿ ಹೇಳಲಾಗದು, ಎಂದೆಂದಿಗೂ ಆಗದು ಎಂಬುದಕ್ಕೆ ಸಾಧನೆ ಕೊಟ್ಟವರು ಗ್ರೀಕರು. ಲೆಕ್ಕ ಬಲ್ಲವರಿಗೂ ಸಾಧನೆ ಕೇಳುವವರಿಗೂ ಇರುವ ವ್ಯತ್ಯಾಸ ಇದೇ.

ಯೂಕ್ಲಿಡ್ ತಾನು ಯಾವುದನ್ನು ಸಾಧಿಸದೆ ಒಪ್ಪಿಕೊಂಡಿದ್ದೇನೆ ಎಂಬುದನ್ನೂ ಮುಚ್ಚಿಡಲಿಲ್ಲ. ಅವನ 5 ಆಧಾರಪ್ರತಿಜ್ಞೆಗಳು ಮೊದಲ ಭಾಗದ ಆರಂಭದಲ್ಲೇ ಇವೆ. ಐದನೆಯದು, ಅಂದರೆ ಸಮಾಂತರ ರೇಖೆಗಳಿಗೆ ಸಂಬಂಧಿಸಿದ್ದು, ಓದಿದವರ ಮನಸ್ಸಿಗೆ ಕಿರಿಕಿರಿ ಮಾಡುತ್ತಲೇ ಬಂತು. ಗ್ರೀಕರು, ಅರಬ್ಬರು, ಪರ್ಷಿಯನ್ನರು, ಯುರೋಪಿನವರು ಅದನ್ನು ಉಳಿದ ನಾಲ್ಕರಿಂದ ಸಾಧಿಸಲು ಹೆಣಗಿದರು. 19ನೇ ಶತಮಾನದಲ್ಲಿ ರಷ್ಯಾದ ಲೊಬಾಚೆವ್‌ಸ್ಕಿ ಮತ್ತು ಹಂಗೇರಿಯ ಬೊಲ್ಯಾಯ್ ಅದನ್ನು ಬಿಟ್ಟೇ ಇನ್ನೊಂದು ರೇಖಾಗಣಿತ ಕಟ್ಟಬಹುದೆಂದು ತೋರಿಸಿದರು. ಆ ದಾರಿಯಲ್ಲಿ ಬೆಳೆದ ಗಣಿತವನ್ನೇ ಐನ್‌ಸ್ಟೈನ್ 1915ರಲ್ಲಿ ಗುರುತ್ವಕ್ಕೆ ಬಳಸಿದರು. ಊಹೆಯನ್ನು ಬಯಲಿಗಿಟ್ಟಿದ್ದರಿಂದಲೇ 2,000 ವರ್ಷ ಕಳೆದರೂ ಅದನ್ನು ಪ್ರಶ್ನಿಸಲು ಸಾಧ್ಯವಾಯಿತು. ನ್ಯೂಟನ್ 1687ರ ತನ್ನ ಮಹಾಗ್ರಂಥವನ್ನು ಯೂಕ್ಲಿಡ್‌ನ ರೂಪದಲ್ಲೇ ಬರೆದ. ಅಬ್ರಹಾಂ ಲಿಂಕನ್ ಸಂಸತ್ ಸದಸ್ಯನಾದ ಮೇಲೆ ಯೂಕ್ಲಿಡ್‌ನ 6 ಭಾಗಗಳನ್ನು ಓದಿ ಬಹುಮಟ್ಟಿಗೆ ಕರಗತ ಮಾಡಿಕೊಂಡಿದ್ದಾಗಿ 1860ರಲ್ಲಿ ತನ್ನ ಸಂಕ್ಷಿಪ್ತ ಜೀವನವೃತ್ತದಲ್ಲಿ ಹೇಳಿಕೊಂಡಿದ್ದಾನೆ. ಒಬ್ಬ ವಕೀಲನಿಗೆ ರೇಖಾಗಣಿತದಿಂದ ಆಗಬೇಕಾದ್ದೇನು? ಒಂದು ಮಾತು ಸಾಬೀತಾಗಿದೆ ಎನ್ನಲು ಏನೇನು ಬೇಕೆಂಬುದರ ಅರಿವು.

ವೈದ್ಯಕ್ಕೆ ಬಂದರೆ ನೋಟ್ಸ್‌ನಲ್ಲಿ ಗ್ರೀಕ್ ವೈದ್ಯ ಹಿಪ್ಪೊಕ್ರಟಿಸ್‌ನ ಪ್ರತಿಜ್ಞೆ ಇದ್ದೇ ಇರುತ್ತದೆ. ಅದಕ್ಕಿಂತ ದೊಡ್ಡ ಸಂಗತಿ ಅವನ ಹೆಸರಿನಲ್ಲಿ ಉಳಿದ ಬರಹಗಳಲ್ಲಿದೆ. ಮೂರ್ಛೆರೋಗವನ್ನು ಆಗ 'ಪವಿತ್ರ ರೋಗ' ಎನ್ನುತ್ತಿದ್ದರು, ದೇವರು ಮೈಮೇಲೆ ಬಂದದ್ದೆಂದು ನಂಬುತ್ತಿದ್ದರು. ಆ ಕುರಿತ ಬರಹ, ಈ ರೋಗ ಉಳಿದ ರೋಗಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಇದಕ್ಕೂ ಪ್ರಕೃತಿಯಲ್ಲೇ ಕಾರಣವಿದೆ, ಕಾರಣ ಇರುವುದು ಮೆದುಳಿನಲ್ಲಿ ಎಂದು ಶುರುವಿನಲ್ಲೇ ವಾದಕ್ಕಿಳಿಯುತ್ತದೆ.

ಇನ್ನೂ ಹೆಚ್ಚು ನನ್ನ ಮನಸ್ಸು ಹಿಡಿದದ್ದು ರೋಗಿಗಳ ದಿನಚರಿ. 'ಸಾಂಕ್ರಾಮಿಕಗಳು' ಎಂಬ ಗ್ರಂಥದ 1 ಮತ್ತು 3ನೇ ಭಾಗಗಳಲ್ಲಿ 42 ರೋಗಿಗಳ ವಿವರಗಳಿವೆ. ಮೊದಲನೆಯವನು ಗೋಡೆಯ ಬಳಿ ವಾಸವಿದ್ದ ಫಿಲಿಸ್ಕಸ್. ಮೊದಲ ದಿನ ತೀವ್ರ ಜ್ವರ, ಬೆವರು, ರಾತ್ರಿ ತಳಮಳ. ಮುಂದೆ ದಿನ ದಿನದ ಲೆಕ್ಕ: ನಿದ್ದೆಯಿಲ್ಲ, ಬಡಬಡಿಕೆ, ಕೈಕಾಲು ತಣ್ಣಗೆ, ಮೂತ್ರ ಕಪ್ಪು. ಉಸಿರಾಟ ಮೊದಲಿನಿಂದ ಕೊನೆಯವರೆಗೂ ವಿರಳ ಮತ್ತು ದೀರ್ಘ, ಏನನ್ನೋ ನೆನಪಿಸಿಕೊಳ್ಳುತ್ತಿರುವವನ ಹಾಗೆ. 6ನೇ ದಿನ ನಡುಮಧ್ಯಾಹ್ನದ ಹೊತ್ತಿಗೆ ಸತ್ತ. ಆ 42 ಜನರಲ್ಲಿ 25 ಮಂದಿ ಸತ್ತರೆಂದು ಬರೆದಿದೆ. ಹೆಚ್ಚಿನವರನ್ನು ಉಳಿಸಲಾಗಲಿಲ್ಲ ಎಂದು ವೈದ್ಯನೊಬ್ಬ ಬರೆದಿಡುವುದಕ್ಕೆ ಎಂಥ ಮನಸ್ಸು ಬೇಕು, ಯೋಚಿಸಿ. ಮುಂದಿನ ವೈದ್ಯನಿಗೆ ಲಕ್ಷಣ ಗೊತ್ತಾಗಲಿ ಎಂಬುದಷ್ಟೇ ಅಲ್ಲಿನ ಉದ್ದೇಶ.

ಅರಿಸ್ಟಾಟಲ್ ಮಾಡಿದ್ದೂ ಇಂಥದೇ ಕೆಲಸ. ಕೋಳಿಮೊಟ್ಟೆಯೊಳಗೆ ಮರಿ ಹೇಗೆ ಬೆಳೆಯುತ್ತದೆಂದು ದಿನದಿನದ ವಿವರ ಕೊಡುತ್ತಾನೆ: ಮೂರು ದಿನ ಕಳೆಯುವ ಹೊತ್ತಿಗೆ ಬಿಳಿಭಾಗದಲ್ಲಿ ರಕ್ತದ ಚುಕ್ಕೆಯಂತೆ ಹೃದಯ ಕಾಣುತ್ತದೆ, ಅದು ಜೀವವಿದ್ದಂತೆ ಮಿಡಿಯುತ್ತದೆ. ಡಾರ್ವಿನ್ ತನ್ನ ಕೊನೆಯ ವರ್ಷವಾದ 1882ರಲ್ಲಿ ಅರಿಸ್ಟಾಟಲ್‌ನ ಪ್ರಾಣಿಶಾಸ್ತ್ರದ ಅನುವಾದ ನೋಡಿ, ತಾನು ದೇವರಂತೆ ಕಂಡಿದ್ದ ಜೀವವಿಜ್ಞಾನಿಗಳಾದ ಲಿನಿಯಸ್, ಕುವಿಯೆ ಇಬ್ಬರೂ ಈ ಮುದುಕನ ಮುಂದೆ ಶಾಲಾಬಾಲಕರು ಎಂಬರ್ಥದ ಪತ್ರ ಬರೆದ. ಅದೇ ಅರಿಸ್ಟಾಟಲ್, ಭಾರವಾದದ್ದು ಬೇಗ ಬೀಳುತ್ತದೆ ಎಂದು ತಪ್ಪು ಹೇಳಿದ. ಗ್ರೀಕ್ ವೈದ್ಯದ ನಾಲ್ಕು ದೇಹರಸಗಳ ಸಿದ್ಧಾಂತ ಯುರೋಪಿನಲ್ಲಿ 19ನೇ ಶತಮಾನದವರೆಗೂ ರೋಗಿಗಳ ರಕ್ತ ಹರಿಸಿತು. ಗ್ರೀಕರ ಪದ್ಧತಿಯನ್ನು ಬಿಟ್ಟು ಬರೀ ತೀರ್ಮಾನಗಳನ್ನು ಬಾಯಿಪಾಠ ಮಾಡಿದ ಕಾಲಗಳಲ್ಲಿ ಇಂಥ ಹಾನಿ ಆಗಿದೆ.

ಇನ್ನು ಅಥೆನ್ಸ್‌ನ ಪ್ರಜಾಪ್ರಭುತ್ವ. ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತನೀಸ್ ಹಳೆಯ ಕುಲಗಳ ಹಿಡಿತ ಮುರಿದು, ಊರುಕೇರಿಗಳ ಆಧಾರದ ಮೇಲೆ 10 ಹೊಸ ಗಣಗಳನ್ನು ಕಟ್ಟಿದ. ಪ್ರತಿ ಗಣದಿಂದ 50 ಮಂದಿಯಂತೆ 500 ಜನರ ಮಂಡಳಿ. ಅದರ ಮೇಲೆ ನಾಗರಿಕ ಗಂಡಸರೆಲ್ಲ ಬಂದು ಕೂರಬಹುದಾದ ಜನಸಭೆ. ಅದು ಸೇರುತ್ತಿದ್ದದ್ದು ನಿಕ್ಸ್ ಎಂಬ ಗುಡ್ಡದ ಮೇಲೆ. ಇದು ನಮ್ಮ ಪ್ರಜಾಪ್ರಭುತ್ವದಂತೆ ಅಲ್ಲ ಎಂಬುದನ್ನು ಗಮನಿಸಿ. ಅಲ್ಲಿ ಹೆಚ್ಚಿನ ಅಧಿಕಾರಿಗಳನ್ನು ಚುನಾವಣೆಯಲ್ಲಿ ಆರಿಸುತ್ತಿರಲಿಲ್ಲ, ಚೀಟಿ ಎತ್ತಿ ಆರಿಸುತ್ತಿದ್ದರು. ಸೇನಾಪತಿಗಳಂಥ ಕೆಲವು ಹುದ್ದೆಗಳಿಗೆ ಮಾತ್ರ ಮತದಾನ. ಚುನಾವಣೆಯಲ್ಲಿ ಹಣ, ಹೆಸರು, ಮನೆತನ ಗೆಲ್ಲುತ್ತವೆ ಎಂಬುದು ಅವರಿಗೆ ಗೊತ್ತಿತ್ತು. ಚೀಟಿ ಎತ್ತುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವರ ಆಳ್ವಿಕೆಯ ಲಕ್ಷಣ ಎಂಬ ಅಭಿಪ್ರಾಯವನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ.

ಅವರ ನ್ಯಾಯಾಲಯ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 19ನೇ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಪಪೈರಸ್ ಹಾಳೆಗಳಲ್ಲಿ ಅಥೆನ್ಸ್ ಸಂವಿಧಾನದ ವಿವರಣೆಯೊಂದು ಸಿಕ್ಕಿ 1891ರಲ್ಲಿ ಅಚ್ಚಾಯಿತು. ಅದರಲ್ಲಿ ಬರೆದದ್ದಕ್ಕೆ ಸರಿಹೊಂದುವ ವಸ್ತುಗಳು ಆಮೇಲೆ ಅಥೆನ್ಸ್‌ನ ಅಗೆತದಲ್ಲಿ ಸಿಕ್ಕಿವೆ. ತೀರ್ಪುಗಾರನಾಗಬೇಕಾದ ನಾಗರಿಕನ ಬಳಿ ತನ್ನ ಹೆಸರು ಮತ್ತು ಊರಿನ ಹೆಸರು ಕೆತ್ತಿದ ಪುಟ್ಟ ಪಟ್ಟಿ ಇರುತ್ತಿತ್ತು. ಎತ್ತರದ ಕಲ್ಲುಚಪ್ಪಡಿಯೊಂದರಲ್ಲಿ ಸಾಲು ಸಾಲಾಗಿ ಸೀಳುಗಳು, ಆ ಸೀಳುಗಳಲ್ಲಿ ಎಲ್ಲರ ಪಟ್ಟಿಗಳನ್ನು ಸಿಕ್ಕಿಸುವುದು. ಪಕ್ಕದ ಕೊಳವೆಗೆ ಕಪ್ಪು ಬಿಳಿ ಗುಂಡುಗಳನ್ನು ಸುರಿಯುವುದು. ಒಂದೊಂದೇ ಗುಂಡು ಕೆಳಗೆ ಬೀಳುತ್ತದೆ. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಇಂದು ತೀರ್ಪುಗಾರರು, ಕಪ್ಪು ಬಿದ್ದರೆ ಮನೆಗೆ. ಯಾರು ಕೂರುತ್ತಾರೆ, ಯಾವ ಮೊಕದ್ದಮೆಗೆ ಕೂರುತ್ತಾರೆ ಎಂಬುದು ಆ ಬೆಳಗಿನವರೆಗೆ ಯಾರಿಗೂ ಗೊತ್ತಿಲ್ಲ. ಲಂಚ ಕೊಡಬೇಕೆಂದರೂ ಯಾರಿಗೆ ಕೊಡುವುದು?

ಸಾಮಾನ್ಯ ಮೊಕದ್ದಮೆಗೂ ಇನ್ನೂರಕ್ಕೂ ಹೆಚ್ಚು ತೀರ್ಪುಗಾರರು, ದೊಡ್ಡದಕ್ಕೆ 501 ಅಥವಾ ಇನ್ನೂ ಹೆಚ್ಚು. ನ್ಯಾಯಾಧೀಶರೆಂಬ ತಜ್ಞರಿಲ್ಲ. ವಾದಿ, ಪ್ರತಿವಾದಿ ತಾವೇ ನಿಂತು ಮಾತಾಡಬೇಕು. ಇಬ್ಬರಿಗೂ ಅಳತೆಯ ಹೊತ್ತು, ಅದಕ್ಕೆ ತಳದಲ್ಲಿ ತೂತಿರುವ ನೀರಿನ ಮಡಕೆ. ಅಥೆನ್ಸ್‌ನ ಮಾರುಕಟ್ಟೆ ಬಯಲಿನಲ್ಲಿ ಸಿಕ್ಕ ಅಂಥ ಒಂದು ಮಡಕೆ ಸುಮಾರು ಆರೂವರೆ ಲೀಟರಿನದು, 6 ನಿಮಿಷದಲ್ಲಿ ಬರಿದಾಗುತ್ತದೆ. ಮಾತು ಮುಗಿದ ಮೇಲೆ ಪ್ರತಿ ತೀರ್ಪುಗಾರನ ಕೈಗೆ ಎರಡು ಕಂಚಿನ ಬಿಲ್ಲೆ. ಬಿಲ್ಲೆಯ ನಡುವೆ ಚಿಕ್ಕ ಕಡ್ಡಿ: ಒಂದರ ಕಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಟೊಳ್ಳು ವಾದಿಗೆ, ಗಟ್ಟಿ ಪ್ರತಿವಾದಿಗೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಡ್ಡಿಯ ಎರಡು ತುದಿಗಳನ್ನು ಮುಚ್ಚಿ ಹಿಡಿದರೆ ಪಕ್ಕದವನಿಗೆ ಯಾವುದೆಂದು ತಿಳಿಯುವುದಿಲ್ಲ. ರಹಸ್ಯ ಮತದಾನವನ್ನು ಇಷ್ಟು ಜಾಣತನದಿಂದ ಯೋಚಿಸಿದ್ದರು. ದಿನಗೂಲಿ ಬಿಟ್ಟು ಬರುವ ಬಡವನಿಗೆ ನಷ್ಟವಾಗಬಾರದೆಂದು ತೀರ್ಪುಗಾರರಿಗೆ ಭತ್ಯೆ ಕೊಡುವ ಪದ್ಧತಿ ತಂದದ್ದು ಅಥೆನ್ಸ್‌ನ ನಾಯಕ ಪೆರಿಕ್ಲೀಸ್.

ಇಷ್ಟೆಲ್ಲ ಇದ್ದೂ ಕ್ರಿ.ಪೂ. 399ರಲ್ಲಿ ಇಂಥದೇ ನ್ಯಾಯಾಲಯ ಸಾಕ್ರಟೀಸ್‌ಗೆ ಮರಣದಂಡನೆ ಕೊಟ್ಟಿತು. ಪ್ಲೇಟೊ ಬರೆದಂತೆ 30 ಮತ ಆಚೀಚೆ ಆಗಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ಜನಸಭೆಯೂ ಅಷ್ಟೆ. ಕ್ರಿ.ಪೂ. 427ರಲ್ಲಿ ದಂಗೆಯೆದ್ದ ಮಿಟಿಲೀನೆ ಊರಿನ ಗಂಡಸರನ್ನೆಲ್ಲ ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಬೇಕೆಂದು ಸಿಟ್ಟಿನ ಭರದಲ್ಲಿ ಅಥೆನ್ಸ್‌ನ ಸಭೆ ನಿರ್ಣಯಿಸಿ ಹಡಗು ಕಳಿಸಿತು. ಮರುದಿನ ಜನರಿಗೆ ಅಳುಕು. ಮತ್ತೆ ಸಭೆ ಸೇರಿತು. ನಿರ್ಣಯ ಬದಲಿಸಬಾರದೆಂದು ಕ್ಲಿಯಾನ್ ಗುಡುಗಿದ. ಡಯೋಡೋಟಸ್ ಎಂಬವನು, ಆತುರ ಮತ್ತು ಕೋಪ ಎರಡೂ ಒಳ್ಳೆಯ ಸಲಹೆಗೆ ಶತ್ರುಗಳು ಎಂದು ವಾದಿಸಿದ. ಸ್ವಲ್ಪವೇ ಅಂತರದಲ್ಲಿ ಡಯೋಡೋಟಸ್ ಗೆದ್ದ. ಎರಡನೇ ಹಡಗು ಹೊರಟಿತು. ಹುಟ್ಟು ಹಾಕುವವರು ದ್ರಾಕ್ಷಾರಸ ಮತ್ತು ಎಣ್ಣೆಯಲ್ಲಿ ಕಲಸಿದ ಜವೆಗೋಧಿ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದು, ಸರದಿಯಲ್ಲಿ ನಿದ್ದೆಮಾಡಿ, ಮೊದಲ ಹಡಗಿನವನು ಆಜ್ಞೆ ಒಪ್ಪಿಸಿದ್ದ ಹೊತ್ತಿಗೆ, ಅದು ಜಾರಿಯಾಗುವ ಮುನ್ನ, ದಡ ಮುಟ್ಟಿದರು. ಊರು ಉಳಿಯಿತು, ದಂಗೆಯ ಮುಂದಾಳುಗಳು ಉಳಿಯಲಿಲ್ಲ. 11 ವರ್ಷಗಳ ನಂತರ, ಕ್ರಿ.ಪೂ. 416ರಲ್ಲಿ, ಮೀಲಾಸ್ ದ್ವೀಪಕ್ಕೆ ಎರಡನೇ ಹಡಗು ಬರಲಿಲ್ಲ. ಅಲ್ಲಿ ಅದೇ ಅಥೆನ್ಸ್ ಗಂಡಸರನ್ನು ಕೊಂದು ಉಳಿದವರನ್ನು ಮಾರಿತು. ಎರಡನ್ನೂ ಬರೆದವನು ಥುಸಿಡಿಡೀಸ್, ಅಥೆನ್ಸ್‌ನವನೇ, ಸ್ಪಾರ್ಟಾ ವಿರುದ್ಧದ ಅದೇ ಯುದ್ಧದಲ್ಲಿ ಅಥೆನ್ಸ್‌ನ ಸೇನಾಪತಿಯಾಗಿದ್ದವನು. ತನ್ನ ಊರಿನ ಕ್ರೌರ್ಯವನ್ನು, ಊರಿನ ಕೀರ್ತಿ ಹಾಡುವ ಕಾವ್ಯವಾಗಿ ತಿರುಗಿಸದೆ, ಎರಡೂ ಪಕ್ಷದ ಮಾತು ಸಮೇತ ದಾಖಲಿಸಿದ್ದಾನೆ. ಇತಿಹಾಸದ ವಿದ್ಯಾರ್ಥಿಯಾಗಿ ನೀವು ಗ್ರೀಕರಿಂದ ಪಡೆಯಬಹುದಾದದ್ದು ಇಲ್ಲಿದೆ.

ಗುಲಾಮರ ಬಗ್ಗೆ ನೀವು ಕೇಳಿದ್ದು ಸರಿಯಾದ ಪ್ರಶ್ನೆ, ಇದನ್ನು ಅಡಿಟಿಪ್ಪಣಿಗೆ ತಳ್ಳುವ ಪುಸ್ತಕಗಳು ಅನ್ಯಾಯ ಮಾಡುತ್ತವೆ. ಹೆಂಗಸರು, ಗುಲಾಮರು, ಪರಊರಿನಿಂದ ಬಂದು ನೆಲೆಸಿದವರು ಯಾರಿಗೂ ಸಭೆಯಲ್ಲಿ ಜಾಗವಿರಲಿಲ್ಲ. ಕ್ರಿ.ಪೂ. 451ರ ಕಾನೂನಿನ ನಂತರ ತಂದೆತಾಯಿ ಇಬ್ಬರೂ ಅಥೆನ್ಸ್‌ನವರಾಗಿದ್ದರೆ ಮಾತ್ರ ನಾಗರಿಕ. ರಾಜ್ಯಶಾಸ್ತ್ರ ಬರೆದ ಅರಿಸ್ಟಾಟಲ್ ಹೊರಗಿನವನು, ಅಥೆನ್ಸ್‌ನಲ್ಲಿ ಅವನಿಗೇ ಮತವಿರಲಿಲ್ಲ. ಪರ್ಷಿಯನ್ನರನ್ನು ಸೋಲಿಸಿದ ನೌಕಾಪಡೆಗೆ ಹಣ ಬಂದದ್ದು ಲಾರಿಯಂ ಬೆಳ್ಳಿ ಗಣಿಗಳಿಂದ, ಆ ಗಣಿಗಳ ಇಕ್ಕಟ್ಟಿನ ಸುರಂಗಗಳಲ್ಲಿ ದುಡಿದವರು ಗುಲಾಮರು. ಅರಿಸ್ಟಾಟಲ್ ಕೆಲವರು ಹುಟ್ಟಿನಿಂದಲೇ ಗುಲಾಮರಾಗಲು ತಕ್ಕವರು ಎಂದು ಬರೆದ. ಆ ಮಾತು 1550ರಲ್ಲಿ ಸ್ಪೇನಿನ ವಯ್ಯಾದೊಲಿದ್ ನಗರದ ಚರ್ಚೆಯಲ್ಲಿ ಸೆಪುಲ್ವೆದಾ ಎಂಬ ವಿದ್ವಾಂಸನಿಗೆ ಆಯುಧವಾಯಿತು. ಅಮೆರಿಕದ ಮೂಲನಿವಾಸಿಗಳ ಮೇಲಿನ ಆಕ್ರಮಣವನ್ನು ಅವನು ಸಮರ್ಥಿಸಿದ್ದು ಅದರಿಂದಲೇ. ಇದೂ ಪಶ್ಚಿಮಕ್ಕೆ ಗ್ರೀಕರ ಕೊಡುಗೆ, ಇದನ್ನೂ ನಿಮ್ಮ ಉತ್ತರಪತ್ರಿಕೆಯಲ್ಲಿ ಬರೆಯಿರಿ.

ಆದರೆ ಅರಿಸ್ಟಾಟಲ್‌ನ ಅದೇ ಪುಟಗಳನ್ನು ಓದಿದರೆ ಇನ್ನೊಂದು ಸಂಗತಿ ಸಿಗುತ್ತದೆ. ಒಡೆಯ-ಗುಲಾಮ ಎಂಬ ಭೇದ ಪ್ರಕೃತಿಯದಲ್ಲ, ಬರೀ ಕಟ್ಟಳೆಯದು, ಬಲಾತ್ಕಾರದ ಮೇಲೆ ನಿಂತದ್ದರಿಂದ ಅನ್ಯಾಯ ಎಂದು ವಾದಿಸುವವರಿದ್ದಾರೆ ಎಂದು ಅವನೇ ಹೇಳುತ್ತಾನೆ. ಅವರಿಗೆ ಉತ್ತರ ಕೊಡುವ ಭರದಲ್ಲಿ ಅವರ ವಾದವನ್ನು ನಮಗೆ ಉಳಿಸಿಕೊಟ್ಟಿದ್ದಾನೆ. ಆಲ್ಕಿಡಾಮಸ್ ಎಂಬ ವಾಗ್ಮಿಯದೊಂದು ಮಾತೂ ಉಳಿದಿದೆ: ದೇವರು ಎಲ್ಲರನ್ನೂ ಸ್ವತಂತ್ರರಾಗಿ ಬಿಟ್ಟಿದ್ದಾನೆ, ಪ್ರಕೃತಿ ಯಾರನ್ನೂ ಗುಲಾಮನನ್ನಾಗಿ ಮಾಡಿಲ್ಲ. ವಯ್ಯಾದೊಲಿದ್‌ನಲ್ಲಿ ಸೆಪುಲ್ವೆದಾನನ್ನು ಎದುರಿಸಿದ ಪಾದ್ರಿ ಲಾಸ್ ಕಾಸಾಸ್ ಕೂಡ ತರ್ಕದ ಅದೇ ನೆಲದ ಮೇಲೆ ನಿಂತು ವಾದಿಸಿದ. ಹಾಗಾಗಿ 'ತವರು' ಎಂಬ ಪದ ನನಗೆ ಒಗ್ಗುವುದಿಲ್ಲ. ಅಥೆನ್ಸ್ ಪ್ರಜಾಪ್ರಭುತ್ವದ ಮಾದರಿಯಲ್ಲ, ಅದರ ಮೊದಲ ದೊಡ್ಡ ಪ್ರಯೋಗಗಳಲ್ಲಿ ಒಂದು, ವಿವರವಾದ ದಾಖಲೆ ಉಳಿದಿರುವ ಪ್ರಯೋಗ. ಅಮೆರಿಕದ ಸಂವಿಧಾನ ರೂಪಿಸಿದ ಮ್ಯಾಡಿಸನ್‌ನಂಥವರು ಅಥೆನ್ಸ್ ಓದಿದ್ದು ಹೆಚ್ಚಾಗಿ ಎಚ್ಚರಿಕೆಗಾಗಿ. ನೇರ ಜನಸಭೆಗೆ ಹೆದರಿಯೇ ಅವರು ಪ್ರತಿನಿಧಿಗಳ ವ್ಯವಸ್ಥೆ ಕಟ್ಟಿದರು.

ನಾಟಕದ ಬಗ್ಗೆ ಒಂದೇ ಮಾತು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರು ಅಥೆನ್ಸನ್ನು ಸುಟ್ಟರು, ಸಲಾಮಿಸ್‌ನಲ್ಲಿ ಸೋತರು. 8 ವರ್ಷಗಳ ನಂತರ, ಅದೇ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಕೂತಿದ್ದ ರಂಗಭೂಮಿಯಲ್ಲಿ, ಈಸ್ಕಿಲಸ್ ಪರ್ಷಿಯದ ಅರಮನೆಯ ಗೋಳನ್ನು ತೋರಿಸುವ ನಾಟಕ ಆಡಿಸಿ ಬಹುಮಾನ ಗೆದ್ದ. ಶತ್ರುವಿನ ತಾಯಿಯ ಸಂಕಟವನ್ನು ಗೆದ್ದವರ ಮುಂದಿಟ್ಟ ಆ ಎದೆಗಾರಿಕೆ ಕಂಡೇ ಇರಬೇಕು, ಬಿ.ಎಂ. ಶ್ರೀಕಂಠಯ್ಯನವರು ಅದನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದರು. ಲಂಕೇಶರ ಅನುವಾದದಲ್ಲಿ ಸಾಫೊಕ್ಲಿಸನ ಈಡಿಪಸ್, ಅಂತಿಗೊನೆ ಕೂಡ ಕನ್ನಡದಲ್ಲಿ ಸಿಗುತ್ತವೆ. ಒಲಿಂಪಿಕ್ಸ್, ಕಂಬಗಳ ಶೈಲಿ ಇತ್ಯಾದಿ ನಿಮ್ಮ ಪುಸ್ತಕದಲ್ಲಿ ಸಾಕಷ್ಟಿವೆ, ಬಿಡುತ್ತೇನೆ.

ಇದೆಲ್ಲ ಪಶ್ಚಿಮ ಯುರೋಪಿಗೆ ಹೇಗೆ ತಲುಪಿತು ಎಂಬುದು ಮಾತ್ರ ಬಿಡಲಾಗದ ವಿಷಯ, ನೋಟ್ಸ್‌ಗಳಲ್ಲಿ ಸಾಮಾನ್ಯವಾಗಿ ತಪ್ಪುವುದು ಇಲ್ಲೇ. ಗ್ರೀಕರಿಂದ ರೋಮ್, ರೋಮ್‌ನಿಂದ ಯುರೋಪ್ ಎಂಬ ನೇರ ದಾರಿ ಇರಲಿಲ್ಲ. ಕ್ರಿ.ಪೂ. 155ರಲ್ಲಿ ಅಥೆನ್ಸ್‌ನ ರಾಯಭಾರಿಯಾಗಿ ರೋಮ್‌ಗೆ ಬಂದ ತತ್ವಜ್ಞಾನಿ ಕಾರ್ನಿಯಡೀಸ್ ಒಂದು ದಿನ ನ್ಯಾಯದ ಪರ, ಮರುದಿನ ಅದರ ವಿರುದ್ಧ ಭಾಷಣ ಮಾಡಿದ. ಯುವಕರು ಮುಗಿಬಿದ್ದು ಕೇಳಿದರು. ರೋಮ್‌ನ ರಾಜಕಾರಣಿ ಹಿರಿಯ ಕೇಟೊ ಗಾಬರಿಯಾಗಿ, ಇವರ ಕೆಲಸ ಬೇಗ ಮುಗಿಸಿ ಊರಿಗೆ ಕಳಿಸಿ ಎಂದ. ಆದರೂ ಮುಂದೆ ರೋಮ್‌ನ ವಾಗ್ಮಿ ಸಿಸಿರೊನಂಥವರು ಓದಲು ಹೋದದ್ದು ಅಥೆನ್ಸ್, ರೋಡ್ಸ್‌ಗಳಿಗೇ. ಪಶ್ಚಿಮ ರೋಮ್ ಸಾಮ್ರಾಜ್ಯ ಕುಸಿದ ಮೇಲೆ ಆ ಭಾಗದಲ್ಲಿ ಗ್ರೀಕ್ ಓದುವವರು ವಿರಳವಾದರು. ಗ್ರಂಥಗಳು ಉಳಿದದ್ದು ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಸಿರಿಯದ ಕ್ರೈಸ್ತ ಮಠಗಳಲ್ಲಿ, ಆಮೇಲೆ ಬಾಗ್ದಾದ್‌ನಲ್ಲಿ. 9ನೇ ಶತಮಾನದ ಹುನೈನ್ ಇಬ್ನ್ ಇಸ್ಹಾಕ್, ಗ್ರೀಕ್ ವೈದ್ಯ ಗ್ಯಾಲೆನ್‌ನ ಒಂದೊಂದು ಗ್ರಂಥಕ್ಕೂ ಸಿಕ್ಕಷ್ಟು ಹಸ್ತಪ್ರತಿಗಳನ್ನು ಹುಡುಕಿ ತಂದು, ಹೋಲಿಸಿ, ಪಾಠ ಸರಿಪಡಿಸಿಕೊಂಡು ಅನುವಾದಿಸುತ್ತಿದ್ದ. ಅಲ್-ರಾಜಿ ಗ್ಯಾಲೆನ್ ಮೇಲೆ, ಇಬ್ನ್ ಅಲ್-ಹೈಥಮ್ ಗ್ರೀಕ್ ಖಗೋಳಜ್ಞ ಟಾಲೆಮಿ ಮೇಲೆ ಸಂದೇಹಗಳನ್ನೇ ಗ್ರಂಥವಾಗಿ ಬರೆದರು. ಅಂದರೆ ಅವರು ಕಾಪಾಡಿಟ್ಟದ್ದು ಬರೀ ಹಾಳೆಗಳನ್ನಲ್ಲ, ಪದ್ಧತಿಯನ್ನೂ ಮುಂದುವರಿಸಿದರು.

12ನೇ ಶತಮಾನದಲ್ಲಿ ಇಟಲಿಯ ಕ್ರೆಮೋನದ ಜೆರಾರ್ಡ್ ಟಾಲೆಮಿಯ ಖಗೋಳ ಗ್ರಂಥ ಹುಡುಕಿಕೊಂಡು ಸ್ಪೇನಿನ ಟೊಲೆಡೊಗೆ ಹೋದ. ಅಲ್ಲೇ ಅರಬ್ಬಿ ಕಲಿತು 70ಕ್ಕೂ ಹೆಚ್ಚು ಗ್ರಂಥಗಳನ್ನು ಲ್ಯಾಟಿನ್‌ಗೆ ತಂದ. ಯುರೋಪ್ ಅವನ್ನು ತೆರೆದ ತೋಳಿನಿಂದ ಬರಮಾಡಿಕೊಂಡಿತು ಎಂದೇನಲ್ಲ. 1210ರಲ್ಲಿ ಪ್ಯಾರಿಸ್‌ನಲ್ಲಿ ಅರಿಸ್ಟಾಟಲ್‌ನ ಪ್ರಕೃತಿಶಾಸ್ತ್ರ ಪಾಠ ಮಾಡುವುದನ್ನು ನಿಷೇಧಿಸಿದರು. 1255ರ ಹೊತ್ತಿಗೆ ಅದೇ ವಿಶ್ವವಿದ್ಯಾಲಯದಲ್ಲಿ ಅದು ಕಡ್ಡಾಯ ಪಠ್ಯವಾಯಿತು. ಯೂಕ್ಲಿಡ್ 1482ರಲ್ಲಿ ವೆನಿಸ್‌ನಲ್ಲಿ ಅಚ್ಚಾದಾಗ ಆ ಲ್ಯಾಟಿನ್ ಪಾಠದ ಬೇರು ಇದ್ದದ್ದು ಅರಬ್ಬಿಯಲ್ಲಿ. ಗ್ರೀಕ್ ಲೋಕವೂ ನಾವು ಇಂದು 'ಪಶ್ಚಿಮ' ಎನ್ನುವ ಗೆರೆಯೊಳಗೆ ಇರಲಿಲ್ಲ. ಥೇಲ್ಸ್, ಹೆರೊಡೋಟಸ್ ಹುಟ್ಟಿದ ಊರುಗಳು ಟರ್ಕಿಯಲ್ಲಿವೆ, ಯೂಕ್ಲಿಡ್ ಕೆಲಸ ಮಾಡಿದ್ದು ಈಜಿಪ್ಟಿನಲ್ಲಿ, ಗ್ರೀಕ್ ರಂಗಮಂದಿರವೊಂದು ಅಫ್ಘಾನಿಸ್ತಾನದ ಐ ಖಾನುಂನಲ್ಲಿ ಸಿಕ್ಕಿದೆ. ನಮ್ಮ ವರಾಹಮಿಹಿರ ಕೂಡ ಬೃಹತ್ಸಂಹಿತೆಯಲ್ಲಿ, ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಅವರಲ್ಲಿ ಈ ಜ್ಯೋತಿಷ ಶಾಸ್ತ್ರ ಚೆನ್ನಾಗಿ ನೆಲೆಸಿದೆ, ಅವರೂ ಋಷಿಗಳಂತೆ ಪೂಜ್ಯರು ಎನ್ನುತ್ತಾನೆ.

ಕೊನೆಗೆ ಕನ್ನಡದ ಪ್ರಶ್ನೆ. ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ 413ನೆಯದು, 1903ರಲ್ಲಿ ಪ್ರಕಟವಾದದ್ದು. ಕ್ರಿ.ಶ. 2ನೇ ಶತಮಾನದ ಸುಮಾರಿನದು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿಟಿಯನ್ ಎಂಬ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಮತ್ತು ಸಂಗಡಿಗರು, ಅಲ್ಲಿನ ರಾಜನಿಗೆ ಕಂಠಪೂರ್ತಿ ಕುಡಿಸಿ, ಬಿಡಿಸಿಕೊಂಡು ಹೋಗುವ ಪ್ರಹಸನ ಅದು. ರಾಜ ಮತ್ತು ಅವನ ಕಡೆಯವರ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅವು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಶ್ ಸೂಚಿಸಿದರು. ಆರ್. ಶಾಮಶಾಸ್ತ್ರಿ, ಮಂಜೇಶ್ವರ ಗೋವಿಂದ ಪೈ ಅದನ್ನು ಮುಂದುವರಿಸಿ ಓದಿದರು. ತುಳು ಎಂದು ವಾದಿಸಿದವರಿದ್ದಾರೆ. ನಗಿಸಲಿಕ್ಕೆ ಕಟ್ಟಿದ ಅರ್ಥವಿಲ್ಲದ ಸದ್ದುಗಳು ಎಂದವರೂ ಇದ್ದಾರೆ. ಗ್ರೀಕ್ ಅಕ್ಷರದಲ್ಲಿ ಕನ್ನಡದ ಎಷ್ಟೋ ಧ್ವನಿಗಳಿಗೆ ಗುರುತಿಲ್ಲ, ಪಪೈರಸ್ ಅಲ್ಲಲ್ಲಿ ಹರಿದಿದೆ, ಪದಗಳನ್ನು ಎಲ್ಲಿ ಒಡೆಯಬೇಕೆಂಬುದು ಓದುವವರ ಆಯ್ಕೆಗೆ ಬಿಟ್ಟದ್ದು. ಕನ್ನಡವೇ ಆಗಿದ್ದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯ ಕನ್ನಡ ವಾಕ್ಯಗಳು ನಮಗೆ ಸಿಕ್ಕಂತಾಗುತ್ತದೆ, ಅದಕ್ಕಾಗಿ ನನಗೂ ಆಸೆಯಿದೆ. ಆದರೆ ಪರೀಕ್ಷೆಯಲ್ಲಿ 'ಸಾಬೀತಾಗಿದೆ' ಎಂದು ಬರೆಯಬೇಡಿ, 'ಕೆಲವು ವಿದ್ವಾಂಸರ ಮತ' ಎಂದೇ ಬರೆಯಿರಿ. ಸಾಧ್ಯವಾದರೆ ಗೋವಿಂದ ಪೈಗಳ ಓದನ್ನೂ ಅದನ್ನು ಒಪ್ಪದವರ ಬರಹವನ್ನೂ ಅಕ್ಕಪಕ್ಕ ಇಟ್ಟುಕೊಂಡು ಒಂದೊಂದು ಸಾಲನ್ನೂ ನೀವೇ ಪರೀಕ್ಷಿಸಿ.